ಕೃಷ್ಣಪ್ಪನವರ ‘ಅಕಸ್ಮಾತ್’

೧೯೯೮ರಲ್ಲಿ ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ ಅದು. ಹಳ್ಳಿ ಶಾಲೆಯಲ್ಲಿ ಓದಿದವಳು ನಾನು. ನಾಲ್ಕು ಜನ ಗಂಡಸರು ನಿಂತಿದ್ದರೆ ಬಳಸಿಕೊಂಡು ಹೋಗುತ್ತಿದ್ದೆ.

ಆ ವರ್ಷ ಮುನಿರತ್ನ ನಮ್ಮ ಕೇಂದ್ರಕ್ಕೆ ಸಹಾಯಕಿಯಾಗಿ ಬಂದಳು. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ ಮಾಡಿ ಬಡಿಸುವುದು ಸಹಾಯಕಿಯ ಕೆಲಸ. ಅವಳು ಪರಿಶಿಷ್ಟ ಜಾತಿಯವಳು. ಅವಳು ಬಂದ ವಾರದಲ್ಲೇ ಮೇಲಿನ ಬೀದಿಯ ಮಕ್ಕಳು ಬರುವುದು ನಿಂತಿತು. ಹೀಗೇ ಆದರೆ ಅವಳನ್ನು ಬದಲಾಯಿಸಬೇಕಾಗುತ್ತದೆ ಎಂದು ಮೇಲ್ವಿಚಾರಕಿ ಹೇಳಿಹೋದರು. ಎರಡು ಮಕ್ಕಳ ತಾಯಿ ಮುನಿರತ್ನಳಿಗೆ ಬೇರೆ ಆಧಾರವಿರಲಿಲ್ಲ.

ಆ ಬೀದಿಯ ಪರವಾಗಿ ಮಾತಾಡುತ್ತಿದ್ದವರು ಟೊಮೆಟೊ ಬೆಳೆಯುವ ಕೃಷ್ಣಪ್ಪ. ಜಾತಿಯ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ಅಕಸ್ಮಾತ್ ಅಡುಗೆಯಲ್ಲಿ ಹಲ್ಲಿ ಬಿದ್ದರೆ ಎಂದರು. ಪಾತ್ರೆಗೆ ಮುಚ್ಚಳ ತಂದೆ. ಅಕಸ್ಮಾತ್ ನೀರು ಕೆಟ್ಟಿದ್ದರೆ ಎಂದರು, ಕಾಯಿಸಿ ಆರಿಸಿದೆವು. ಅಕಸ್ಮಾತ್ ಮಗುವಿಗೆ ಜ್ವರ ಬಂದರೆ ಯಾರು ಹೊಣೆ ಎಂದರು. ಬಡಿಸುವ ಮೊದಲು ನಾನೇ ತಿನ್ನುತ್ತೇನೆ ಎಂದೆ. ಮಕ್ಕಳನ್ನು ಕಳಿಸೋದು ಬೇಡ ಅಂದಿದ್ದು ನೀವೇ ತಾನೆ ಎಂದು ಕೇಳಿದರೆ, “ನಾನೆಲ್ಲಿ ಬೇಡ ಅಂದೆ ಮೇಡಂ? ಈಗ್ಲೇ ಬೇಡ ಅಂದೆ” ಎನ್ನುತ್ತಿದ್ದರು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ನಾನು ಮಾರನೆಯ ದಿನದ ಉತ್ತರವನ್ನೇ ಜೋಡಿಸುತ್ತಿದ್ದೆ.

ಒಂದು ಮಧ್ಯಾಹ್ನ, ಉಳಿದುಹೋದ ಉಪ್ಪಿಟ್ಟನ್ನು ನೋಡುತ್ತ ಮುನಿರತ್ನ ಹೇಳಿದಳು: “ನಾನೇ ಬಿಟ್ಟೋಗ್ತೀನಿ ಬಿಡಕ್ಕ. ಆಯಪ್ಪನ ಅಕಸ್ಮಾತ್ ಮುಗಿಯೋ ಅಂಥದ್ದಲ್ಲ.”

ಆಗ ನನಗೆ ಹೊಳೆಯಿತು. ಅವರು ಕೇಳುತ್ತಿದ್ದುದು ಉತ್ತರಕ್ಕಾಗಿ ಅಲ್ಲ. ಮರುದಿನ ಬೆಳಿಗ್ಗೆ ಹಾಲು ಹಾಕಲು ಡೈರಿ ಮುಂದೆ ಜನ ಸಾಲಾಗಿ ನಿಂತಿದ್ದರು, ಕೃಷ್ಣಪ್ಪನವರೂ ಇದ್ದರು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ಕೇಳಿದೆ: “ಕೃಷ್ಣಪ್ಪಣ್ಣ, ನಾನೇನು ಮಾಡಿದ್ರೆ ಮಗೂನ ಕಳಿಸ್ತೀರಿ? ಅದೊಂದು ಹೇಳ್ಬಿಡಿ, ಅದನ್ನೇ ಮಾಡ್ತೀನಿ.”

“ಅಂಗಲ್ಲ ಮೇಡಂ, ಅಕಸ್ಮಾತ್...” ಎಂದವರು ಅಲ್ಲಿಗೇ ನಿಂತರು.

ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಹೇಳಪ್ಪ, ಕ್ಯಾನ್ ಹಿಡ್ಕೊಂಡು ಎಷ್ಟೊತ್ತು ನಿಂತಿರೋದು” ಎಂದಳು. ಎಲ್ಲರೂ ನಕ್ಕರು. ಕೃಷ್ಣಪ್ಪನವರ ಮುಖ ನೋಡಿ ನನಗೆ ನಗು ಬರಲಿಲ್ಲ. ಸುಮ್ಮನೆ ಬಂದುಬಿಟ್ಟೆ.

ಸಂಜೆ ಅವರೊಬ್ಬರೇ ಬಂದು ಕೇಂದ್ರದ ಜಗಲಿಯ ಅಂಚಿನಲ್ಲಿ ಕೂತರು. “ನಂಗೇನೂ ಇಲ್ಲ ಮೇಡಂ. ಮೊದಲು ಕಳಿಸಿದೋನು ನಾನು ಅಂತಾದ್ರೆ, ನಾಳೆ ನಮ್ಮ ತಂಗಿ ಮದುವೆಗೆ ನಮ್ಮೋರೇ ಬರಲ್ಲ.”

ಅಷ್ಟು ದಿನಗಳಲ್ಲಿ ಅವರು ಆಡಿದ ಮೊದಲ ನಿಜವಾದ ಮಾತು ಅದು. ಅದಕ್ಕೆ ಉತ್ತರವಿತ್ತು. ಯಾರೂ ಮೊದಲಿನವರಾಗುವುದು ಬೇಡ, ಎಲ್ಲರೂ ಒಟ್ಟಿಗೇ ಕಳಿಸಿ ಎಂದೆ. ಆ ಬೀದಿಯ ತಾಯಂದಿರನ್ನು ಒಬ್ಬೊಬ್ಬರಾಗಿ ಕಂಡು ಹೇಳಿದೆ. ಸೋಮವಾರ ಮುನಿರತ್ನಳ ಜೊತೆ ನಾನೂ ಹೋದೆ. ಹೇಳಿದ ಹೊತ್ತಿಗೆ ಮಕ್ಕಳೆಲ್ಲ ತಟ್ಟೆ ಹಿಡಿದು ಬೀದಿಗೆ ಬಂದರು. ಕೃಷ್ಣಪ್ಪನವರ ಮಗಳು ಯಾರನ್ನೂ ಕೇಳದೆ ಮುನಿರತ್ನಳ ಬೆರಳು ಹಿಡಿದುಕೊಂಡಳು.

ಈಗ ನೀವು ಕಂಪ್ಯೂಟರಿನಲ್ಲಿ ಮುಖ ಕಾಣದವರ ಜೊತೆ ವಾದಕ್ಕಿಳಿದು, ಮಾತು ತಿರುಚಿದರೆಂದು ಊಟ ಬಿಟ್ಟು ಕೂರುತ್ತೀರಿ. ಯಾವ ಉತ್ತರ ಸಿಕ್ಕರೆ ಒಪ್ಪುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ಹೇಳದಿದ್ದರೆ ವಾದ ಬಿಡಿ. ಆದರೆ ನಕ್ಕು ಬರಬೇಡಿ. ಅವರು ಸಂಜೆ ಒಬ್ಬರೇ ಬರಬಹುದು. ಮತ್ತೆ, ನೀವೂ ಅವರೂ ವಾದಿಸುತ್ತಿರುವ ಹೊತ್ತಿನಲ್ಲಿ, ಮುನಿರತ್ನಳ ಹಾಗೆ ಆರಿಹೋದ ಉಪ್ಪಿಟ್ಟು ಮುಂದಿಟ್ಟುಕೊಂಡು ಕಾಯುತ್ತಿರುವವರು ಯಾರು ಎಂದೂ ನೋಡಿಕೊಳ್ಳಿ.