ಮಾವನ ಕಾರಿನ ಆಯಿಲ್ ಸೀಲು

ನಮ್ಮ ಮಾವನಿಗೆ ಇಬ್ಬರು ಅಳಿಯಂದಿರು. ಇಬ್ಬರೂ ಕಾರ್ ಮೆಕ್ಯಾನಿಕ್‌ಗಳೇ. ದೊಡ್ಡಳಿಯ, ಅಂದರೆ ನನ್ನ ಷಡ್ಡಕ, ಭದ್ರಾವತಿಯ ನ್ಯೂ ಟೌನಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ, ಮಾವನ ಮನೆಯಿಂದ ಕೂಗಳತೆಯಲ್ಲಿ. ನನ್ನದು ಶಿವಮೊಗ್ಗದ ಗೋಪಾಳದಲ್ಲಿ. ದೂರವಾಗುತ್ತದೆ ಅಂತ ಅಪ್ಪ ಕಾರು ತರುವುದಿಲ್ಲ ಎಂದು ನನ್ನ ಹೆಂಡತಿ ಸಮಾಧಾನ ಹೇಳುತ್ತಿದ್ದಳು. ಏನು ದೂರ? ಮಂಡಿ ನೋವಿನ ಔಷಧಿಗೆಂದು ಅದೇ ಕಾರಿನಲ್ಲಿ ಶಿವಮೊಗ್ಗಕ್ಕೆ ಬಂದು, ನನ್ನ ಗ್ಯಾರೇಜಿನ ಎದುರೇ ನಿಲ್ಲಿಸಿ, ನಮ್ಮ ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದರು. ಒಂದು ದಿನವಾದರೂ ಬಾನೆಟ್ ಎತ್ತಿ ನೋಡಿ ಅಂದವರಲ್ಲ.

ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯ ಸಾರು ಕಲಸಿಕೊಂಡು "ದೊಡ್ಡಳಿಯನ ಕೈ ಬಿದ್ರೆ ಇಂಜಿನ್ ಸದ್ದೇ ಬೇರೆ" ಅನ್ನುತ್ತಿದ್ದರು. ಆಮೇಲೆ ನನಗೆ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಷಡ್ಡಕನ ಬೆನ್ನು ಹಿಡಿದುಕೊಂಡಿತು. ಬಗ್ಗಲೇಬಾರದು ಅಂದರಂತೆ ಡಾಕ್ಟರು. ಅದೇ ಹೊತ್ತಿಗೆ ಮಾವನ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಬೇಕಾಗಿ ಬಂತು. ಬೇರೆ ಗತಿಯಿಲ್ಲದೆ ನನ್ನ ಹತ್ತಿರ ತಂದರು. ಬೆನ್ನಿನ ಸುದ್ದಿ ಕೇಳಿ ನಾನು ಅಯ್ಯೋ ಪಾಪ ಅಂದೆ. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಮಾವ ಸ್ಟೂಲ್ ಎಳೆದುಕೊಂಡು ಕಾರಿನ ಪಕ್ಕದಲ್ಲೇ ಕೂತರು. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು, ನಮ್ಮ ಕೆಲಸವೆಲ್ಲ ಅವರಿಗೆ ಮಕ್ಕಳಾಟ.

ಬೆಲ್ಟ್ ಬಿಚ್ಚಿದಾಗ ಅದರ ಹಿಂದಿನ ಆಯಿಲ್ ಸೀಲುಗಳನ್ನೂ ಹೊಸದು ಹಾಕುವುದು ಕ್ರಮ. ಶಾಫ್ಟಿನ ಸುತ್ತ ಕೂರುವ ಬಳೆಯಂಥ ರಬ್ಬರು ಅದು. ಅದು ಸೋತರೆ ಎಣ್ಣೆ ಸೋರಿ ಹೊಸ ಬೆಲ್ಟೂ ಹಾಳು. ಅದನ್ನು ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಮಾವ, "ಸೀಲೂ ಹಾಕ್ಬಿಡಿ, ದೊಡ್ಡಳಿಯ ಹೇಳಿ ಕಳ್ಸಿದಾನೆ" ಅಂದರು. ನನ್ನ ಬಾಯಿಗೆ ಬಂದಿದ್ದ ಮಾತೂ ಅವನದೇ ಆಯಿತು.

ಪುಲ್ಲಿ ತೆಗೆದೆ. ಕ್ರ್ಯಾಂಕ್ ಶಾಫ್ಟಿನ ಸೀಲು ಅಂಚಿಗೆ ಸಮನಾಗಿ ಕೂತಿರಬೇಕು, ಇದು ಒಂದು ಅಕ್ಕಿಕಾಳಿನಷ್ಟು ಒಳಗೆ ಹೋಗಿತ್ತು. ಯಾಕಪ್ಪಾ ಅಂದುಕೊಂಡು ಮೆಲ್ಲಗೆ ಎಳೆಯತೊಡಗಿದೆ. ಮಾವ ಇದ್ದಕ್ಕಿದ್ದಂತೆ, "ಮೊದ್ಲು ಟೀ ಕುಡಿಯೋಣ್ವಾ?" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಸೀಲು ಬಂತು. ಟಾರ್ಚ್ ಬಿಟ್ಟು ನೋಡಿದರೆ ಶಾಫ್ಟಿನ ಮೇಲೆ ಉದ್ದಕ್ಕೆ ಒಂದು ಗೀರು! ಸ್ಕ್ರೂಡ್ರೈವರ್ ತೂರಿಸಿ ಸೀಲು ಮೀಟುವವರು ಮಾಡುವ ಗೀರು. ಗೀರಿನ ಮೇಲೆ ಸೀಲು ಕೂತರೆ ಎಣ್ಣೆ ನಿಲ್ಲುವುದಿಲ್ಲ. ಅದಕ್ಕೇ ಷಡ್ಡಕ ಸೀಲನ್ನು ಗೀರು ದಾಟಿಸಿ ಒಳಗೆ ತಳ್ಳಿ ಮುಚ್ಚಿಟ್ಟಿದ್ದಾನೆ, ಕಳ್ಳ! ಸಿಕ್ಕಿಬಿದ್ದ ಅನ್ನಿಸಿ ನನಗೆ ಕುಣಿಯುವ ಹಾಗಾಯಿತು.

ಮಾವನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟು ಸಾಲಲಿಲ್ಲ ನನಗೆ. ಅವನ ಬಾಯಿಂದಲೇ ಕೇಳಿಸಬೇಕೆಂದು ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಮಾವ ಪಕ್ಕದಲ್ಲಿದ್ದಾರೆ ಅಂತ ಹೇಳಲಿಲ್ಲ.

"ಭಾವ, ಶಾಫ್ಟ್ ಮೇಲೆ ಗೀರು ಇದ್ಯಲ್ಲ, ಯಾರು ಮಾಡಿದ್ದು?"



"ಓ ಅದಾ? ನಾನೇ ಮಾರಾಯ. ಅವತ್ತು ಕೈ ಜಾರ್ತು. ಸೀಲನ್ನ ಸ್ವಲ್ಪ ಒಳಗೆ ಕೂರ್ಸು, ಲೀಕ್ ಆಗಲ್ಲ. ಮಾವನ ಹತ್ರ ಮಾತ್ರ ಹೇಳೋಕೆ ಹೋಗ್ಬೇಡ."

ಫೋನ್ ಇಟ್ಟು, ಕೇಳಿದ್ರಾ ಅನ್ನುವಂತೆ ಮಾವನ ಮುಖ ನೋಡಿದೆ. ಅವರು ಕನ್ನಡಕ ಇನ್ನೂ ಹಾಕಿಕೊಂಡಿರಲಿಲ್ಲ.

"ಅದು ನಾನು ಗೀರಿದ್ದು," ಅಂದರು. "ಎಣ್ಣೆ ಸೋರ್ತಿತ್ತು. ಕಾರ್ಖಾನೇಲಿ ತಟ್ಟೆಯಷ್ಟಗಲದ ಸೀಲು ಹಾಕ್ದೋನು ನಾನು, ಇದಕ್ಕೆ ಅಳಿಯ ಯಾಕೆ ಅಂತ ನಾನೇ ಮೀಟೋಕೆ ಹೋದೆ. ಆಗ್ಲಿಲ್ಲ, ಅವನನ್ನೇ ಕರೆದೆ. ಬಂದು ಸುಮ್ನೆ ಹಾಕಿಕೊಟ್ಟು ಹೋದ. ಗೀರು ಅವನ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡಿದ್ದೆ."

ಅವತ್ತು ಅವನ ಜಾಗದಲ್ಲಿ ನಾನಿದ್ದು, ಗೀರು ಮಾವನದು ಅಂತ ಗೊತ್ತಾಗಿದ್ದರೆ ಸಂಜೆಯೊಳಗೆ ಮನೆಯವರಿಗೆಲ್ಲ ಹೇಳಿ ನಗುತ್ತಿದ್ದೆ. ಶಾಫ್ಟ್ ಒರೆಸಿ, ಹೊಸ ಸೀಲಿಗೆ ಎಣ್ಣೆ ಸವರಿ, ಅವನು ಕೂರಿಸಿದ್ದಷ್ಟೇ ಒಳಗೆ ಕೂರಿಸಿದೆ. ಬೆಲ್ಟ್ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿದೆ. ಒಂದು ಹನಿ ಎಣ್ಣೆ ಇಳಿಯಲಿಲ್ಲ.

ಹೊರಡುವಾಗ ಮಾವ ಬಾಗಿಲು ಹಿಡಿದು ನಿಂತರು.

"ಇನ್ಮೇಲೆ ಕಾರು ಇಲ್ಲಿಗೇ ತರ್ತೀನಿ. ಅವನ ಮುಂದೆ ಬಾನೆಟ್ ಎತ್ತೋಕೆ ನಾಚಿಕೆ ಆಗತ್ತೆ. ನಿಮ್ಮ ಹತ್ರ ಆದ್ರೆ ಆ ಸಂಕೋಚ ಇಲ್ಲ."

ಅಂದ ಹಾಗೆಯೇ ತರುತ್ತಿದ್ದಾರೆ. ಷಡ್ಡಕನ ಬೆನ್ನು ನೆಟ್ಟಗಾಗಿ ಎಷ್ಟೋ ದಿನವಾಯಿತು, ಆದರೂ ಕಾರು ನನ್ನ ಗ್ಯಾರೇಜಿಗೇ ಬರುತ್ತದೆ. ಅದರ ಬಾನೆಟ್ ಎತ್ತಿದಾಗಲೆಲ್ಲ ನನಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯುತ್ತದೆ.