ಕಂಪ್ಯೂಟರಿನೊಳಗಿನ ಬ್ಯಾಂಡು

ಚಳಿ ಶುರುವಾಯಿತೆಂದು ಮೊನ್ನೆ ಟ್ರಂಕಿನಿಂದ ಶಾಲು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಯಿಂದ ಅಜ್ಜಿಯ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಅದೇ ವಾಸನೆಯ ಒಂದು ಕೆಂಪು ಕೋಟು, ಅದನ್ನು ತೊಟ್ಟು ನಮ್ಮ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದ ಬ್ಯಾಂಡ್ ಮಾಸ್ತರರು. ಶಾಲಿನ ಮಡಿಕೆಯಲ್ಲಿ ಅವರ ಕ್ಯಾಸೆಟ್ಟೂ ಇತ್ತು. ನಾನೇ ಇಟ್ಟಿರಬೇಕು… ಯಾವಾಗ ಇಟ್ಟೆನೋ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹುಕ್ಕೇರಿಯವಳಾದ ನಾನು ಗೋಕಾಕದಲ್ಲಿ ಕೋಣೆ ಹಿಡಿದು, ಒಂದು ಕ್ಲಾಸಿನಲ್ಲಿ ಟೈಪಿಂಗು, ಲೆಕ್ಕಪತ್ರದ ಸಾಫ್ಟ್‌ವೇರು ಕಲಿಸುತ್ತಿದ್ದೆ. ಹುಡುಗರು ಬರುತ್ತಿದ್ದರು, ಸರ್ಟಿಫಿಕೇಟ್ ಯಾವಾಗ ಎಂದು ಕೇಳುತ್ತಿದ್ದರು, ಹೋಗುತ್ತಿದ್ದರು. ಸಂಜೆ ಕೋಣೆಗೆ ಬಂದರೆ ಸ್ಟವ್ವಿನದೊಂದೇ ಸದ್ದು. ಊರು ತುಂಬ ಜನರಿದ್ದರೂ ನನ್ನನ್ನು ಊಟ ಆಯಿತೇ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಬಿಗುಮಾನ ನನಗೆ ಮೊದಲಿನಿಂದಲೂ ಜಾಸ್ತಿ.

"ಅಕ್ಕಾರ, ಕಂಪ್ಯೂಟರ್‌ನ್ಯಾಗ ಬ್ಯಾಂಡ್ ಬಾರಸಾಕ ಬರತೈತಂತ, ಖರೆ ಏನ್ರಿ?" ಎಂದು ಮಾಸ್ತರರು ಕೇಳಿದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರು ಎಂದೇ ಕರೆಯುವುದು.

ಮಾಸ್ತರರು ಮೂಡಲಗಿಯವರು, ಕ್ಲಾರಿನೆಟ್ ಊದುವವರು. ಕಲ್ಲೋಳಿ, ಕುಲಗೋಡ ಕಡೆ ಮದುವೆಯೆಂದರೆ ಒಂದು ಕಾಲಕ್ಕೆ ಅವರ ಬ್ಯಾಂಡೇ ಮೆರವಣಿಗೆಯ ಮುಂದೆ ಇರಬೇಕಿತ್ತು. ಆಮೇಲೆ ಟೆಂಪೋದ ಮೇಲೆ ದೊಡ್ಡ ದೊಡ್ಡ ಸೌಂಡ್ ಬಾಕ್ಸುಗಳು ಬಂದವು, ಬ್ಯಾಂಡಿನವರನ್ನು ಕರೆಯುವವರು ಕಡಿಮೆಯಾದರು. ಟ್ರಂಪೆಟಿನವನು ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋದ. ದೊಡ್ಡ ಡ್ರಮ್ಮಿನವನ ಮೊಣಕಾಲು ಕೈಕೊಟ್ಟಿತು. ಸೈಡ್ ಡ್ರಮ್ಮಿನವನು ತೀರಿಕೊಂಡ. ಮಾಸ್ತರರ ಹತ್ತಿರ ಉಳಿದದ್ದು ಕೋಟುಗಳಷ್ಟೇ. ಅವರಿಗೊಂದು ಆಸೆ ಇತ್ತು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು: "ಒಂದ ಮೆರವಣಿಗ್ಯಾಗರ ನಮ್ಮ ಬ್ಯಾಂಡ್ ಪೂರಾ ಬಾರಸಬೇಕ್ರಿ. ಆಮ್ಯಾಲ ಬಿಡತೇನಿ."

ನನಗೂ ಹೆಚ್ಚು ಗೊತ್ತಿರಲಿಲ್ಲ. ಸಂಗೀತ ಮಾಡುವ ಒಂದು ಸಾಫ್ಟ್‌ವೇರಿನ ಸೀಡಿ ಕ್ಲಾಸಿನಲ್ಲಿತ್ತು. ಬೇಸರ ಬಂದಾಗ ತೆರೆದು, ಪರದೆಯ ಚೌಕಗಳಲ್ಲಿ ಒತ್ತಿ ಟುಕುಟುಕು ಅನ್ನಿಸುತ್ತಿದ್ದೆ, ಅಷ್ಟೇ. ಆದರೂ ಬರಲು ಹೇಳಿದೆ. ಶುಕ್ರವಾರ ನಮಾಜು ಮುಗಿಸಿ, ಕ್ಲಾಸು ಖಾಲಿ ಇರುವ ಹೊತ್ತಿಗೆ ಅವರು ಬರತೊಡಗಿದರು. ಕುರ್ಚಿಯಲ್ಲಿ ಕೂತವರೇ ಮೊದಲು ಕೇಳುತ್ತಿದ್ದ ಮಾತು, "ಊಟ ಆತೇನ್ರಿ ಅಕ್ಕಾರ?" ಎಂಬುದು. ಅದೊಂದು ಮಾತಿಗಾಗಿ ನಾನು ಶುಕ್ರವಾರಕ್ಕೆ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಮೊದಲು ವೇಗ ಗೊತ್ತುಮಾಡಬೇಕು ಎಂದೆ. ಸಾಫ್ಟ್‌ವೇರು ತಾನಾಗಿ ಕೊಟ್ಟ ವೇಗವನ್ನು ಹಚ್ಚಿದೆ. ಮಾಸ್ತರರು ಎದ್ದು ಆ ತಾಳಕ್ಕೆ ಬಾಗಿಲತನಕ ನಡೆದು ನೋಡಿದರು. "ಇಷ್ಟ ಜೋರ ಹೊಂಟ್ರ ಮದಿಮಗನ ಕುದರಿ ಹಾರಿ ಹೊಕ್ಕೈತ್ರಿ," ಎಂದರು. ನಾನು ಕಡಿಮೆ ಮಾಡುತ್ತ ಹೋದೆ, ಅವರು ಕೋಣೆಯ ತುಂಬ ನಡೆಯುತ್ತ ಹೋದರು. ಕಾಲಿಗೆ ಸರಿಯೆನಿಸಿದ ಮೇಲೆಯೇ ಕೂತದ್ದು. ಆಮೇಲೆ ಒಂದು ಡ್ರಮ್ಮು ಹಾಕಿ, ಅದೊಂದನ್ನೇ ಬಹಳ ಹೊತ್ತು ಕೇಳಿದೆವು. ಪರದೆಯಲ್ಲಿ ಪ್ರತಿ ವಾದ್ಯಕ್ಕೂ ಒಂದೊಂದು ಸಾಲು. ಆ ಸಾಲುಗಳಿಗೆ ವಾದ್ಯದ ಹೆಸರು ಬೇಡ, ಬಾರಿಸುವವನ ಹೆಸರೇ ಬರೆಯಿರಿ ಎಂದರು. ಬರೆದೆ. ಸೈಡ್ ಡ್ರಮ್ಮನ್ನು ಎಡಗಡೆಯ ಸ್ಪೀಕರಿಗೆ ಸರಿಸಿದಾಗ, "ಹಾಂ… ಅಂವ ಅಲ್ಲೇ ನಿಂದ್ರತಿದ್ದ," ಎಂದು ಆ ಕಡೆಗೇ ನೋಡುತ್ತ ಕೂತರು.

ಒಂದು ಸಲ ಅರ್ಧ ಹಾಡು ಕೂಡಿಸುವಷ್ಟರಲ್ಲಿ ಕರೆಂಟು ಹೋಗಿ ಎಲ್ಲವೂ ಅಳಿಸಿಹೋಯಿತು. ಅಂದಿನಿಂದ ನಾನು ಮೌಸ್ ಬಿಟ್ಟು ತಲೆ ಕೆರೆದುಕೊಂಡರೂ ಸಾಕು, "ಸೇವ್ ಮಾಡಿದ್ರಿಲ್ಲೋ?" ಎನ್ನುತ್ತಿದ್ದರು.

ಜಗಳವಾದದ್ದು ಬೇರೆ ಕಾರಣಕ್ಕೆ. ಹಾಡಿನ ಮೊದಲಿನಿಂದ ಕೊನೆಯವರೆಗೆ ಯಾವ ಸಾಲೂ ಖಾಲಿ ಇರುವಂತಿಲ್ಲ ಎಂದು ಮಾಸ್ತರರ ಹಟ. ಎಲ್ಲರೂ ಎಲ್ಲ ಕಾಲಕ್ಕೂ ಬಾರಿಸುತ್ತಿದ್ದರು, ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಸ್ವಲ್ಪ ಜಾಗ ಬಿಟ್ಟರೆ ಒಂದೊಂದೂ ಚೆನ್ನಾಗಿ ಕೇಳುತ್ತದೆ ಎಂದು ಹೇಳಿ ಹೇಳಿ ಸಾಕಾಗಿ, ನಾನೇ ಟ್ರಂಪೆಟಿನ ಸಾಲಿನ ದನಿ ನಿಲ್ಲಿಸಿದೆ.

ಅವರ ಮುಖ ಸಣ್ಣದಾಯಿತು. "ಅವನ್ನ ಯಾಕ ಸುಮ್ಮನ ನಿಂದ್ರಿಸಿದ್ರಿ? ಮೆರವಣಿಗ್ಯಾಗ ಒಬ್ಬಾಂವ ಕೈ ಕಟಗೊಂಡ ನಡದ್ರ ಬೀಗರ ಕಣ್ಣ ಅವನ ಮ್ಯಾಲ ಇರತಾವ್ರಿ. ನಾಳಿಗೆ ಅಂವ ಬ್ಯಾಡಂತಾರ."

ಇಲ್ಲಿ ಬೀಗರಿಲ್ಲ ಮಾಸ್ತರ, ಇದು ಕಂಪ್ಯೂಟರು ಎಂದು ರೇಗಿದೆ. ಅವರು ಎದ್ದು ಹೋದರು. ಮುಂದಿನ ಶುಕ್ರವಾರ ಬರುತ್ತಾರೋ ಇಲ್ಲವೋ ಎಂದು ವಾರವಿಡೀ ಅದೇ ಚಿಂತೆಯಾಗಿತ್ತು. ಬಂದರು. ತಾವೇ ಪರದೆಯ ಮೇಲೆ ಬೆರಳಿಟ್ಟು ಹೇಳಿದರು: "ಇಲ್ಲಿ ಟ್ರಂಪೆಟಿನಾಂವ ನೀರ ಕುಡೀಲಿ. ಬಿಸಲಾಗ ಭಾಳ ನಡದಾನ."

ಅಲ್ಲಿಂದ ಹಾಡು ಉಸಿರಾಡತೊಡಗಿತು. ಒಬ್ಬೊಬ್ಬರಿಗೂ ಸರದಿಯ ಮೇಲೆ ನೀರು ಕುಡಿಸಿದರು. ನಾನು ಉದ್ದಕ್ಕೆ ಎಳೆದಿದ್ದ ಒಂದು ಸ್ವರವನ್ನು ನೋಡಿ, "ಹಿಂಗ ಊದಿದ್ರ ಅಂವ ಸತ್ತ ಹೊಕ್ಕಾನ್ರಿ," ಎಂದು ನಡುವೆ ಕತ್ತರಿಸಿ ಉಸಿರಿಗೆ ಎಡೆ ಮಾಡಿಸಿದರು. ಕ್ಯಾಸೆಟ್ಟಿಗೆ ಇಳಿಸಿ ಕೆಳಗಿನ ಚಹಾದಂಗಡಿಯ ಟೇಪಿನಲ್ಲಿ ಹಾಕಿಸಿದೆವು. ಕಂಪ್ಯೂಟರಿನಲ್ಲಿ ಗುಡುಗುತ್ತಿದ್ದ ದೊಡ್ಡ ಡ್ರಮ್ಮು ಅಲ್ಲಿ ಕೇಳಿಸಲೇ ಇಲ್ಲ. ಮೇಲೆ ಬಂದು ಸರಿಮಾಡಿ, ಮತ್ತೆ ಕೆಳಗೆ ಇಳಿದು ಕೇಳಿದೆವು. ಹೀಗೆ ಎಷ್ಟು ಸಲ ಹತ್ತಿಳಿದೆವೋ… ಚಹಾದಂಗಡಿಯವನು ನಮ್ಮಿಬ್ಬರಿಗೂ ಹುಚ್ಚು ಎಂದುಕೊಂಡಿರಬೇಕು.

ಹಾಡಿನ ನಡುವೆ ಒಂದು ದೊಡ್ಡ ಖಾಲಿ ಜಾಗ ಉಳಿದಿತ್ತು. ಅಲ್ಲಿ ದೊಡ್ಡ ಡ್ರಮ್ಮು ಮಾತ್ರ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು. ಅದು ಕ್ಲಾರಿನೆಟ್ಟಿನ ಜಾಗ. ರೆಕಾರ್ಡ್ ಮಾಡೋಣವೆಂದು ನಾನು ಮೈಕು ತಂದಿಟ್ಟೆ. ಅವರು ಚೀಲದಿಂದ ಕ್ಲಾರಿನೆಟ್ ತೆಗೆದರು, ಅರಿವೆಯಿಂದ ಒರೆಸಿದರು, ತಿರುಗಿ ಚೀಲದೊಳಗೆ ಇಟ್ಟರು.

"ಇಲ್ಲದಾವ್ರನ್ನ ಇದರಾಗ ಹಾಕೇವ್ರಿ. ನಾ ಅದೀನಲ್ರಿ, ನನ್ನ ಯಾಕ ಹಾಕೂದು?"

ಕಲ್ಲೋಳಿಯಲ್ಲಿ ಮಾಸ್ತರರ ಪರಿಚಯದವರ ಮನೆಯ ಮದುವೆ ಗೊತ್ತಾಯಿತು. ಕೇಳಲು ಬರಲೇಬೇಕೆಂದರು, ಬಸ್ಸು ಹತ್ತಿ ಹೋದೆ. ಕೈಗಾಡಿಯ ಮೇಲೆ ಸ್ಪೀಕರು, ಟೇಪು. ಅದರ ಹಿಂದೆ ಕೆಂಪು ಕೋಟು ತೊಟ್ಟ ಮಾಸ್ತರರು ಒಬ್ಬರೇ. ಬ್ಯಾಂಡು ಶುರುವಾದಾಗ ಜನ ಆಚೀಚೆ ನೋಡಿದರು. ಬೀಗರ ಪೈಕಿಯ ಒಬ್ಬ ಅಜ್ಜಿ, "ಉಳದಾವ್ರೆಲ್ಲಿ ಅದಾರೋ ಯಪ್ಪಾ?" ಎಂದು ಕೇಳಿದಳು.

"ಒಳಗದಾರಬೇ," ಎಂದು ಮಾಸ್ತರರು ಸ್ಪೀಕರು ತೋರಿಸಿದರು. ಕೆಲವರು ನಕ್ಕರು. ಅವರು ನಗಲಿಲ್ಲ.

ಖಾಲಿ ಜಾಗ ಬಂದಿತು. ಮಾಸ್ತರರು ಎಡಗಡೆ ಒಮ್ಮೆ ನೋಡಿ, ಅಲ್ಲಿ ಯಾರಿಗೋ ಸನ್ನೆ ಮಾಡಿದಂತೆ ತಲೆಯಾಡಿಸಿ, ಊದಿದರು. ಅಲ್ಲಿಯತನಕ ಅವರು ಬಾಯಿಂದ ಗುನುಗಿದ್ದನ್ನಷ್ಟೇ ನಾನು ಕೇಳಿದ್ದೆ. ಕ್ಲಾರಿನೆಟ್ ಕೇಳಿದ್ದು ಅದೊಂದೇ ಸಲ. ಹೇಗಿತ್ತು ಎಂದರೆ… ಹೇಳಲು ಬರುವುದಿಲ್ಲ. ಬೀದಿಯ ಅಂಚಿನಲ್ಲಿ ನಿಂತು ಅತ್ತೆ, ಯಾರೂ ಗಮನಿಸಲಿಲ್ಲ.

ಮರುವಾರ ಬಂದು ಕ್ಯಾಸೆಟ್ಟಿನ ಇನ್ನೊಂದು ಪ್ರತಿಯನ್ನು ನನ್ನ ಕೈಗಿಟ್ಟರು. "ಒಂದ ಕೆಟ್ಟ್ರ ಇನ್ನೊಂದ ಇರಬೇಕಲ್ರಿ," ಎಂದರು. ಆಮೇಲೆ ಶುಕ್ರವಾರಗಳು ಬಂದವು, ಮಾಸ್ತರರು ಬರಲಿಲ್ಲ. ಆಡಿದ ಮಾತಿನಂತೆ ಬಿಟ್ಟೇ ಬಿಟ್ಟರೇನೋ ಎಂದು ಸಿಟ್ಟೂ ಬಂತು. ಅವರು ಉಬ್ಬಸದಿಂದ ಹೋದ ಸುದ್ದಿಯನ್ನು ಆ ಚಹಾದಂಗಡಿಯವನೇ ಮಳೆಗಾಲದಲ್ಲಿ ತಿಳಿಸಿದ. ಅಷ್ಟರಲ್ಲಾಗಲೇ ಅವರನ್ನು ಮಣ್ಣು ಮಾಡಿ ಬಹಳ ದಿನವಾಗಿತ್ತು.

ಕ್ಲಾಸು ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ನಾನು ಹುಕ್ಕೇರಿಗೆ ಮರಳಿದೆ. ಇಲ್ಲಿಯೂ ಒಬ್ಬಳೇ. ರೂಢಿಯಾಗಿದೆ ಎನ್ನುತ್ತೇನೆ, ಆಗಿಲ್ಲ.

ಮೊನ್ನೆ ಆ ಕ್ಯಾಸೆಟ್ಟನ್ನು ಹಳೆಯ ಟೇಪಿಗೆ ಹಾಕಿದೆ. ಸ್ವಲ್ಪ ಗರಗರ ಎಂದರೂ ಹಾಡಿತು. ಎಡಕ್ಕೆ ಸೈಡ್ ಡ್ರಮ್ಮಿನವನಿದ್ದ. ಟ್ರಂಪೆಟಿನವನು ಊದಿ, ನೀರು ಕುಡಿಯಲು ಸರಿದ. ಆಮೇಲೆ ಆ ಖಾಲಿ ಜಾಗ ಬಂತು. ದೊಡ್ಡ ಡ್ರಮ್ಮು ಮೆಲ್ಲಗೆ ನಡೆಯುತ್ತಿತ್ತು, ಬೇರೇನೂ ಇರಲಿಲ್ಲ. ನಾನು ಶಾಲು ಹಿಡಿದುಕೊಂಡು ನಿಂತೇ ಇದ್ದೆ. ಮಾಸ್ತರರು ಊದಿ ಮುಗಿಸಿದರೆಂದು ತಿಳಿದು, ಬ್ಯಾಂಡಿನವರೆಲ್ಲ ಒಟ್ಟಿಗೇ ಶುರು ಮಾಡಿದರು.