ದೊಡ್ಡಪ್ಪನ ಟವಲ್ಲು, ದೊಡ್ಡಮ್ಮನ ಕೈ

ಹಸಿ ಪೇಂಟಿನ ವಾಸನೆ ಬಂದರೆ ಜನರಿಗೆ ಹಬ್ಬ, ಮದುವೆ ನೆನಪಾಗುತ್ತವಂತೆ. ನನಗೆ ಮಾತ್ರ ಕಳೆದುಕೊಂಡ ಮನೆ ನೆನಪಾಗುತ್ತದೆ. ಮೊನ್ನೆ ಸಾತನೂರಿಗೆ ಹೋಗುವವಳು ಬಸ್ಸು ಬದಲಿಸಲು ನಮ್ಮ ಹಳೇ ಬೀದಿಯಲ್ಲಿ ಇಳಿದೆ. ಅದೇ ವಾಸನೆ ಮೂಗಿಗೆ ಬಡಿಯಿತು. ರಸ್ತೆ ಅಗಲ ಮಾಡುವ ಮುನ್ನ ಮನೆಗಳ ಗೋಡೆಗೆ ಎಳೆಯುತ್ತಾರಲ್ಲ ಆ ಕೆಂಪು ಗೆರೆ, ಅದರ ವಾಸನೆ.

ನಾನು ಬೆಳೆದ ಮನೆ ಇದೇ ಬೀದಿಯಲ್ಲಿತ್ತು. ಈಗ ಅದು ಟಾರು ರಸ್ತೆ. ನಮ್ಮ ನಡುಮನೆಯ ಮೇಲೆ ಲಾರಿಗಳು ಓಡುತ್ತವೆ. ಆಗ ಒಳಗೆ ಕಾಲಿಟ್ಟರೆ ದೊಡ್ಡಮ್ಮನ ಬಸ್ಸಾರಿನ ಘಮ, ಹೊರಗೆ ಬಂದರೆ ಎದುರುಮನೆಯ ಬೊಂಬೆ ಕೆಲಸದಿಂದ ತೇಲಿಬರುವ ಬಿಸಿ ಅರಗಿನ ವಾಸನೆ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ದೊಡ್ಡಪ್ಪ ದೊಡ್ಡಮ್ಮನನ್ನು ಪುರಸಭೆಗೆ ನಿಲ್ಲಿಸಿದ. ಗೆದ್ದವಳು ಅವಳು, ಊರವರ ಬಾಯಲ್ಲಿ ‘ಮೆಂಬರ್ರು’ ಆದವನು ಅವನು. ಆಗೆಲ್ಲ ಹಾಗೇ ನಡೆಯುತ್ತಿತ್ತು. ಮೀಟಿಂಗ್ ಹಾಲಿನೊಳಕ್ಕೆ ಗಂಡಂದಿರನ್ನು ಬಿಡುತ್ತಿರಲಿಲ್ಲವಾದ್ದರಿಂದ ಅವರು ಕಿಟಕಿಗೆ ಜೋತುಬೀಳುತ್ತಿದ್ದರು. ದೊಡ್ಡಪ್ಪ ಎಡಹೆಗಲ ಟವಲ್ಲನ್ನು ಬಲಹೆಗಲಿಗೆ ಹಾಕಿಕೊಂಡರೆ ದೊಡ್ಡಮ್ಮ ಕೈ ಎತ್ತಬೇಕು. ಟವಲ್ಲು ಅಲ್ಲಾಡದಿದ್ದರೆ ಗಪ್ಪಗೆ ಕೂರಬೇಕು. ಆದರೆ ಜಗಲಿ ಮಾತ್ರ ಅವಳದೇ. ಕೊಳಾಯಿ ನೀರು ಬರಲಿಲ್ಲ, ಬೀದಿದೀಪ ಉರಿಯಲಿಲ್ಲ ಎಂದು ಬೆಳಗಾದರೆ ಹೆಂಗಸರು ಅಲ್ಲಿ ಬಂದು ಕೂರುತ್ತಿದ್ದರು. ಎಲ್ಲರಿಗಿಂತ ಮೊದಲು ಹತ್ತಿ ಕೂರುತ್ತಿದ್ದವಳು ಎದುರುಮನೆಯ ಮುಮ್ತಾಜಮ್ಮ. ಅವಳ ಗಂಡ ಬೊಂಬೆಗೆ ಬಣ್ಣ ಹಿಡಿಸುತ್ತಿದ್ದ.

ಹೀಗಿರುವಾಗ ಬೀದಿ ಅಗಲ ಮಾಡಬೇಕೆಂದಾಯಿತು. ಒಂದೇ ಮಗ್ಗುಲು ಒಡೆದರೆ ಸಾಕು ಎಂದ ಇಂಜಿನಿಯರು ನಮ್ಮ ಗೋಡೆಗೆ ಗೆರೆ ಎಳೆಸಿದ. ದೊಡ್ಡಪ್ಪನ ನಿದ್ದೆ ಹಾರಿಹೋಯಿತು. ಓಡಾಡಿ, ಕಾಡಿ ಬೇಡಿ, ಅರ್ಧದಷ್ಟು ಮೆಂಬರುಗಳನ್ನು ಒಪ್ಪಿಸಿದ. ಇದ್ದ ಗೆರೆ ಬಿದ್ದುಹೋಗಿ ಎದುರು ಮಗ್ಗುಲಿಗೆ, ಮುಮ್ತಾಜಮ್ಮನ ಮನೆಯ ಕಡೆಗೆ ಸರಿಯಬೇಕು, ಅಷ್ಟೇ.

“ಈಗಿರೋ ಗೆರೆಗೆ ನೀನು ಕೈ ಎತ್ಬೇಡ. ಮಿಕ್ಕಿದ್ದೆಲ್ಲ ನಾನ್ ನೋಡ್ಕೊಂಡಿವ್ನಿ” ಎಂದ. ಒಗ್ಗರಣೆ ಹಾಕುತ್ತಿದ್ದ ದೊಡ್ಡಮ್ಮ ಬಾಣಲೆಗೆ ಮುಚ್ಚಳ ಮುಚ್ಚಿದಳು.

ಮೀಟಿಂಗಿನ ಹಿಂದಿನ ಸಂಜೆ ಮುಮ್ತಾಜಮ್ಮ ಬಂದಳು. ಬಂದವಳು ಜಗಲಿ ಹತ್ತದೆ ಬೀದಿಯಲ್ಲೇ ನಿಂತಳು. “ಹತ್ತಿ ಕೂತ್ಕಳೇ” ಎಂದಳು ದೊಡ್ಡಮ್ಮ.

“ಬ್ಯಾಡ ಅಕ್ಕ” ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಸಿ ಹೊತ್ತು ನಿಂತಿದ್ದಳು. ಏನೂ ಕೇಳಲಿಲ್ಲ. ಹಾಗೇ ಹೊರಟುಹೋದಳು. ಕೇಳಿದ್ದರೆ ದೊಡ್ಡಮ್ಮ ಏನಾದರೂ ಸಮಾಧಾನ ಹೇಳುತ್ತಿದ್ದಳೇನೋ. ಆ ರಾತ್ರಿ ದೊಡ್ಡಮ್ಮನಿಗೆ ಊಟ ಸೇರಲಿಲ್ಲ.

ಮರುದಿನ ಶಾಲೆ ಮುಗಿಸಿ ಬಂದ ನನ್ನನ್ನು ದೊಡ್ಡಪ್ಪ ಕೈ ಹಿಡಿದು ಸೀದಾ ಕಿಟಕಿ ಹತ್ತಿರ ಕರೆದೊಯ್ದ. ಒಳಗೆ, ಗುರುತು ಹಾಕಿದಂತೆಯೇ, ನಮ್ಮ ಮಗ್ಗುಲೇ ಒಡೆದು ರಸ್ತೆ ಆಗಲಿ ಅನ್ನುವವರು ಕೈ ಎತ್ತಿ ಎಂದರು. ಒಂದೊಂದೇ ಕೈ ಮೇಲೆ ಹೋಯಿತು. ಎಣಿಸಿದವರು ತಲೆ ಎತ್ತಿ, ಎರಡು ಕಡೆಯೂ ಸಮ, ಇವರೊಬ್ಬರು ಬಾಕಿ, ಇವರು ಎತ್ತಿದರಷ್ಟೇ ಪಾಸು ಎಂದು ದೊಡ್ಡಮ್ಮನ ಕಡೆ ನೋಡಿದರು. ಅವಳು ಕಿಟಕಿಯತ್ತ ತಿರುಗಿದಳು. ಟವಲ್ಲು ಎಡಹೆಗಲಲ್ಲೇ ಇತ್ತು. ಅದು ಜಾರದಂತೆ ದೊಡ್ಡಪ್ಪ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ನಾನು ಮನೆ ಉಳಿಯಲಿ, ಮನೆ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ದೊಡ್ಡಮ್ಮ ಅವನನ್ನು ನೋಡುತ್ತಲೇ ಕೈ ಎತ್ತಿದಳು. ಬಳೆಗಳು ಮೊಣಕೈವರೆಗೆ ಜಾರಿದ ಸದ್ದು ನನಗೆ ಈಗಲೂ ಕೇಳುತ್ತದೆ.

ದೊಡ್ಡಪ್ಪ ಮುಂದೆ ಮುಂದೆ ನಡೆದ. ಹೊಸಲು ದಾಟಿದ ಮೇಲೆ, “ಇದ್ದೊಂದು ಮನೇನೂ ಕಳ್ದ್‌ಬುಟ್ಟೆ ಕಣಮ್ಮಿ” ಎಂದ.

“ನಮ್ಗೆ ಕೈಲಾಂಚದಲ್ಲಿ ನಮ್ಮಪ್ಪನ ಮನೆ ಐತೆ. ಅವ್ಳಿಗೆ ಎಲ್ಲೈತೆ?” ಎಂದಳು ದೊಡ್ಡಮ್ಮ. ಆಮೇಲೆ ಒಳಗೆ ಹೋಗಿ, ನಡುಮನೆಯ ಕಂಬ ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ಮುಂದಿನ ಮೀಟಿಂಗುಗಳಿಗೆ ದೊಡ್ಡಪ್ಪ ಹೋಗಲಿಲ್ಲ, ಅವಳೊಬ್ಬಳೇ ಹೋಗಿಬಂದಳು. ಇಬ್ಬರೂ ಕೈಲಾಂಚದಲ್ಲೇ ತೀರಿಕೊಂಡರು. ಆ ಮನೆಯಂಥ ಮನೆ ನನಗೆ ಮತ್ತೆ ಸಿಗಲಿಲ್ಲ.

ಮೊನ್ನೆ ಕಂಡ ಕೆಂಪು ಗೆರೆ ಮುಮ್ತಾಜಮ್ಮನ ಗೋಡೆಯ ಮೇಲಿತ್ತು. ರಸ್ತೆಗೆ ಮತ್ತೆ ಜಾಗ ಸಾಲದಂತೆ. ಮುದುಕಿ ಜಗಲಿಯ ತುದಿಯಲ್ಲಿ ಕೂತಿದ್ದಳು. ನನ್ನ ದನಿಯಿಂದಲೇ ಗುರುತು ಹಿಡಿದಳು. ಮೆಂಬರುಗಳು ಏನಂತಾರೆ ಎಂದು ಕೇಳಿದೆ.

“ಮೆಂಬರ್‌ಗಳು ಎಲ್ಲವ್ರೆ ಮಗ? ಎಲೆಕ್ಷನ್ನೇ ಆಗಿಲ್ಲ. ಆಫೀಸರ್ ಒಬ್ರೇ ಎಲ್ಲಾನೂವೆ” ಎಂದಳು. ಆಮೇಲೆ ತಾನೇ, “ಕೈ ಎತ್ತಕ್ಕೆ ನಿಮ್ ದೊಡ್ಡಮ್ಮ ಇದ್ರೂ ಈಗ ಕೇಳೋರಿಲ್ಲ ಬುಡು” ಎಂದಳು.

ಅಂದು ಅವಳು ನಿಂತಿದ್ದಂತೆಯೇ ನಾನೂ ಬೀದಿಯಲ್ಲೇ ನಿಂತುಬಿಟ್ಟಿದ್ದೆ. ಅವಳು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

“ಹತ್ತಿ ಕೂತ್ಕ ಮಗ, ಈ ಜಗಲಿ ಇರೋಗಂಟ” ಎಂದಳು.

ನಾನು ಹತ್ತಿ ಅವಳ ಪಕ್ಕ ಕೂತೆ. ಸಾತನೂರಿನ ಬಸ್ಸು ಬಂದು ಹೋಯಿತು.